ಸಹಾಯ ಬೇಕು: ಫೈಬರ್ ಲೈನ್ ಬಂದ ಮೇಲೆ ಕಾಂಟ್ಯಾಕ್ಟ್ ಐಡಿ ಸಿಗ್ನಲ್ ಸರಿಯಾಗಿ ಬರುತ್ತಿಲ್ಲ

ಅಲಾರಂ ಮಾನಿಟರಿಂಗ್ ಕೆಲಸ ಗೊತ್ತಿರುವವರು ಸ್ವಲ್ಪ ನೋಡಿ. ಗ್ರಾಹಕರ ಕಟ್ಟಡದ ಅಲಾರಂ ಪ್ಯಾನೆಲ್ ಕಾಂಟ್ಯಾಕ್ಟ್ ಐಡಿ ಎಂಬ ಫಾರ್ಮ್ಯಾಟ್‌ನಲ್ಲಿ ಫೋನ್ ಮೂಲಕ ಟೋನ್‌ಗಳಾಗಿ ಸಂದೇಶ ಕಳಿಸುತ್ತದೆ, ನಮ್ಮ ಕಡೆಯ ರಿಸೀವರ್ ಅದನ್ನು ಓದುತ್ತದೆ. ಆ ರಿಸೀವರ್‌ನ ಫೋನ್ ಲೈನ್ ತಾಮ್ರದಿಂದ ಫೈಬರ್‌ಗೆ ಬದಲಾಯಿತು. ಅಲ್ಲಿಂದ ತಲೆನೋವು ಶುರು.

ಪ್ಯಾನೆಲ್ ಡಯಲ್ ಮಾಡುತ್ತದೆ, ರಿಸೀವರ್ ಎತ್ತುತ್ತದೆ, 1400 ಮತ್ತು 2300 ಹರ್ಟ್ಜ್ ಹ್ಯಾಂಡ್‌ಶೇಕ್ ಟೋನ್ (‘ಕಳಿಸು’ ಎನ್ನುವ ಸೂಚನೆ) ಕೂಡ ಹೋಗುತ್ತದೆ. ಪ್ಯಾನೆಲ್ ಕಳಿಸುವ 16 ಅಂಕಿಗಳ ಸಂದೇಶದ ಚೆಕ್‌ಸಮ್ (ತಪ್ಪು ಹಿಡಿಯುವ ಕೊನೆಯ ಅಂಕಿ) ಮಾತ್ರ ತಾಳೆಯಾಗುವುದಿಲ್ಲ. ರಿಸೀವರ್ ಕಿಸ್‌ಆಫ್ (‘ಸಂದೇಶ ತಲುಪಿತು’ ಎನ್ನುವ ಟೋನ್) ಕೊಡುವುದಿಲ್ಲ, ಪ್ಯಾನೆಲ್ ಅದನ್ನೇ ಮತ್ತೆ ಮತ್ತೆ ಕಳಿಸಿ ಸುಮ್ಮನಾಗುತ್ತದೆ. 602 ಕೋಡಿನ ಟೆಸ್ಟ್ ರಿಪೋರ್ಟ್ ತಪ್ಪಿದರೆ ಹೋಗಲಿ ಅನ್ನಬಹುದು. 130, ಅಂದರೆ ಕಳ್ಳತನದ ಅಲಾರಂ, ತಪ್ಪಿದರೆ?

ರಿಸೀವರ್‌ನಲ್ಲಿ ಕಾಂಟ್ಯಾಕ್ಟ್ ಐಡಿ ಹ್ಯಾಂಡ್‌ಶೇಕ್ ಮೊದಲಿಗೆ ಇಟ್ಟೆ. ಫೋನ್ ಧ್ವನಿಯನ್ನು ಡೇಟಾ ಆಗಿ ಬದಲಿಸುವ ವಾಯ್ಸ್ ಗೇಟ್‌ವೇಯಲ್ಲಿ, ಧ್ವನಿಯನ್ನು ತುಂಬಾ ಕುಗ್ಗಿಸುವ ಜಿ.729 ಕೊಡೆಕ್ ತೆಗೆಸಿ ಅಷ್ಟು ಕುಗ್ಗಿಸದ ಜಿ.711 ಹಾಕಿಸಿದೆ, ಎಕೋ ಕ್ಯಾನ್ಸಲೇಷನ್ ಆಫ್ ಮಾಡಿಸಿದೆ. ಸ್ವಲ್ಪ ಸುಧಾರಿಸಿತು, ಅಷ್ಟೇ. ವಿಚಿತ್ರ ಅಂದರೆ, ಅದೇ ಪ್ಯಾನೆಲ್ಲನ್ನು 4+2 ಪಲ್ಸ್ ಫಾರ್ಮ್ಯಾಟ್‌ಗೆ (4 ಅಂಕಿಯ ಖಾತೆ ಸಂಖ್ಯೆ, 2 ಅಂಕಿಯ ಕೋಡ್ ಕಳಿಸುವ ಹಳೆಯ ವಿಧಾನ) ಹಾಕಿದರೆ ಎಲ್ಲ ಸಿಗ್ನಲ್ಲೂ ಸರಾಗವಾಗಿ ಬರುತ್ತದೆ! ಆದರೆ ಅದು ನಿಧಾನ, ವಿವರವೂ ಕಡಿಮೆ. ನಮ್ಮ ಗ್ರಾಹಕರಿಗೆ ಅಷ್ಟು ಸಾಲದು.

ಹಾಗಾಗಿ ಡಿಟಿಎಂಎಫ್ (ಕಾಂಟ್ಯಾಕ್ಟ್ ಐಡಿ ಅಂಕಿ ಕಳಿಸಲು ಬಳಸುವ, ಫೋನ್ ಕೀಲಿಯಂಥ ಟೋನ್) ಮೇಲೇ ಅನುಮಾನ. ಗೇಟ್‌ವೇಯಲ್ಲಿ ಅದು ಈಗ ಆರ್‌ಎಫ್‌ಸಿ 2833ರಲ್ಲಿದೆ, ಅಂದರೆ ಟೋನ್ ಧ್ವನಿಯಾಗಿ ಹೋಗದೆ ಬೇರೆ ಡೇಟಾ ಪ್ಯಾಕೆಟ್ಟಾಗಿ ಹೋಗಿ ಆ ಕಡೆ ಮತ್ತೆ ಟೋನ್ ಆಗುತ್ತದೆ. ಲೈನ್ ಕೊಟ್ಟವರು ಅದನ್ನು ಮುಟ್ಟಬೇಡಿ ಅನ್ನುತ್ತಾರೆ. 50 ಮಿಲಿಸೆಕೆಂಡಿನ ಟೋನ್‌ಗಳನ್ನು ಗೇಟ್‌ವೇ ಮತ್ತೆ ಹುಟ್ಟಿಸುವಾಗ ಅಳತೆ ಕೆಡುತ್ತದೆ ಅಲ್ವಾ?

ಇನ್‌ಬ್ಯಾಂಡ್‌ಗೆ (ಟೋನ್ ಧ್ವನಿಯ ಜೊತೆಗೇ ಹೋಗುವಂತೆ) ಬದಲಿಸಿದರೆ ಸಾಕಾ, ಅಥವಾ ರಿಸೀವರ್‌ನ ಇನ್‌ಪುಟ್ ಗೇನ್ (ಒಳಬರುವ ಸಿಗ್ನಲ್‌ನ ಮಟ್ಟ) ಕೂಡ ಹೊಂದಿಸಬೇಕಾ? ಮಾಡಿ ನೋಡಿದವರು ಹೇಳಿ.