ಬಾಡಿಗೆ ಮನೆಗೆ ಚಿಮಣಿ: ಗೋಡೆ ಕೊರೆಯದೆ ಹೊಗೆ ಹೊರಗೆ ಹಾಕೋದು ಹೇಗೆ?

ವಿನೋಬನಗರವಾಸಿ
ಶಿವಮೊಗ್ಗದಲ್ಲಿ ಮೊದಲ ಮಹಡಿಯ ಬಾಡಿಗೆ ಮನೆ. ಅಡುಗೆಮನೆ 10 ಅಡಿ ಉದ್ದ, 8 ಅಡಿ ಅಗಲ, ಎತ್ತರ 10 ಅಡಿ. ಒಲೆಯಿಂದ ಐದಡಿ ದೂರಕ್ಕೆ ಕಿಟಕಿ, ಅದರ ಮೇಲೆ ಗಾಜಿನ ವೆಂಟಿಲೇಟರ್, ಎರಡೂ ಪಶ್ಚಿಮಕ್ಕೆ. ಮಳೆಗಾಲದಲ್ಲಿ ಇರಚಲು ಬಡಿಯುತ್ತದೆ ಅಂತ ಎಲ್ಲಾ ಮುಚ್ಚಿರುತ್ತದೆ. ಒಗ್ಗರಣೆ ಘಾಟು ಮಲಗುವ ಕೋಣೆವರೆಗೂ ಹೋಗುತ್ತದೆ, ಮೂಲೆ ಗೋಡೆಗೆ ಬೂಷ್ಟು ಹಿಡಿದಿದೆ. ಗೋಡೆ ಕೊರೆಯಲು ಮಾಲೀಕರು ಒಪ್ಪುತ್ತಿಲ್ಲ. ಪೈಪೇ ಬೇಡದ, 1200 ಸಕ್ಷನ್ನಿನ (ಗಂಟೆಗೆ 1200 ಘನ ಮೀಟರ್ ಗಾಳಿ ಹೀರುವ) ಚಿಮಣಿ ಹಾಕಿಸಿ ಅಂತ ಅಂಗಡಿಯವರು ಹೇಳುತ್ತಾರೆ. ಅದು ಸಾಕಾ?

ಹಂಚಿನಮಾಡು
ಘಾಟಿಗೆ ಅರ್ಧ ಉತ್ತರ, ಬೂಷ್ಟಿಗೆ ಏನೂ ಅಲ್ಲ. ಪೈಪಿಲ್ಲದ ಚಿಮಣಿ ಗಾಳಿಯನ್ನು ಹೀರಿ, ಜಿಡ್ಡನ್ನು ಫಿಲ್ಟರಿನಲ್ಲಿ ಹಿಡಿದು, ವಾಸನೆಯನ್ನು ಇದ್ದಿಲಿನ ಫಿಲ್ಟರಿಗೆ ಬಿಟ್ಟು, ಅದೇ ಗಾಳಿಯನ್ನು ಮತ್ತೆ ಒಳಗೇ ಊದುತ್ತದೆ. ಶಾಖ, ನೀರಾವಿ ಎರಡೂ ಮನೆಯೊಳಗೇ ಉಳಿಯುತ್ತವೆ.

ನೀರು ಬರೀ ಕಡುಬಿನ ಪಾತ್ರೆಯಿಂದ ಬರುವುದಲ್ಲ. ಒಂದು ಕಿಲೋ ಅಡುಗೆ ಅನಿಲ ಉರಿದರೆ ಸುಮಾರು 1.6 ಕಿಲೋ ನೀರು ಆವಿಯಾಗಿ ಹುಟ್ಟುತ್ತದೆ. 14.2 ಕಿಲೋ ಸಿಲಿಂಡರ್ ಖಾಲಿಯಾಗುವಷ್ಟರಲ್ಲಿ 22 ಲೀಟರಿಗೂ ಮಿಕ್ಕಿ ನೀರು ನಿಮ್ಮ ಗೋಡೆ, ಬಟ್ಟೆ, ಬೇಳೆ ಡಬ್ಬದ ಸುತ್ತ ಸೇರಿರುತ್ತದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಮಲೆನಾಡಿನಲ್ಲಿ ಅದು ತಾನಾಗಿ ಆರುವುದಿಲ್ಲ. ಇದ್ದಿಲಿನ ಫಿಲ್ಟರ್ ತೊಳೆಯಲು ಬರುವುದಿಲ್ಲ, ದಿನಾ ಕರಿಯುವ ಮನೆಯಲ್ಲಿ ಕೆಲವೇ ತಿಂಗಳಿಗೆ ಬದಲಿಸಬೇಕು. ಆ ಖರ್ಚನ್ನೂ ಲೆಕ್ಕಕ್ಕೆ ಹಿಡಿಯಿರಿ.

ತಗಡುಕೆಲಸ
ಗೋಡೆ ಮುಟ್ಟುವುದೇ ಬೇಡ, ವೆಂಟಿಲೇಟರ್ ಇದೆಯಲ್ಲ. ಒಂದು ಗಾಜನ್ನು ಒಡೆಯದೆ ಬಿಚ್ಚಿಸಿ, ಕಾಗದ ಸುತ್ತಿ ಅಟ್ಟದ ಮೇಲಿಡಿ. ಮನೆ ಬಿಡುವಾಗ ಅದನ್ನೇ ಕೂರಿಸಿದರಾಯಿತು. ಅದೇ ಅಳತೆಗೆ ಜಿಐ (ಸತು ಲೇಪಿಸಿದ ಕಬ್ಬಿಣದ) ತಗಡು ಕತ್ತರಿಸಿ, 6 ಇಂಚಿನ ತೂತು ಮಾಡಿಸಿ, ಅಂಚಿಗೆ ಸಿಲಿಕೋನ್ ಹಾಕಿ. ಮಾಲೀಕರಿಗೆ ಮೊದಲೇ ತೋರಿಸಿ ಒಪ್ಪಿಗೆ ಬರೆಸಿಕೊಳ್ಳಿ.

ಕೆಲಸ ಕೆಡುವುದು ಪೈಪಿನಲ್ಲಿ. ಚಿಮಣಿಯ ಬಾಯಿ 6 ಇಂಚು ಇದ್ದರೆ ಕೊನೆವರೆಗೂ 6 ಇಂಚೇ ಇರಬೇಕು. "ಸಣ್ಣ ತೂತು ಸಾಕು" ಅಂತ 4 ಇಂಚಿಗೆ ಇಳಿಸಿದರೆ ದಾರಿ ಅರ್ಧಕ್ಕಿಂತ ಕಡಿಮೆ ಆಗುತ್ತದೆ (36ಕ್ಕೆ 16ರ ಲೆಕ್ಕ), ಸದ್ದು ಮಾತ್ರ ಹೆಚ್ಚು. ಮಡಚುವ ಅಲ್ಯೂಮಿನಿಯಂ ಪೈಪನ್ನು ಪೂರ್ತಿ ಎಳೆದು, ಹೆಚ್ಚಾದದ್ದನ್ನು ಕತ್ತರಿಸಿ ಹಾಕಿ. ಸುಕ್ಕು ಬಿಟ್ಟರೆ ಗಾಳಿಗೂ ತಡೆ, ಜಿಡ್ಡಿಗೂ ಮನೆ. ತಿರುವು ಒಂದೇ ಇರಲಿ, ಅದೂ ಅಗಲವಾಗಿ. ಜೋಡಣೆಗೆ ಕ್ಲಾಂಪ್ ಮತ್ತು ಅಲ್ಯೂಮಿನಿಯಂ ಟೇಪ್. ಬಟ್ಟೆ ಟೇಪ್ ಬಿಸಿಗೆ ಬಿಟ್ಟುಬಿಡುತ್ತದೆ. ಪೈಪ್ ಹೊರಗಡೆಗೆ ತುಸು ಇಳಿಜಾರಾಗಿರಲಿ, ಇಲ್ಲದಿದ್ದರೆ ಮಳೆನೀರು ಮೋಟರಿಗೇ ಇಳಿಯುತ್ತದೆ.

ನಿಮ್ಮದು ಪಶ್ಚಿಮ ಗೋಡೆ, ಮಳೆಗಾಲದ ಗಾಳಿ ನೇರ ಬಂದು ಬಡಿಯುವ ದಿಕ್ಕು. ಹೊರಬಾಯಿಗೆ ಕೆಳಮುಖದ ಟೊಪ್ಪಿ ಮತ್ತು ಗಾಳಿ ವಾಪಸ್ ಬಾರದಂತೆ ಮುಚ್ಚಿಕೊಳ್ಳುವ ಫ್ಲಾಪ್ ಎರಡೂ ಬೇಕು. ವೆಂಟಿಲೇಟರಿಗೆ ಸರಳು ಇದ್ದರೆ 6 ಇಂಚಿನ ಪೈಪ್ ತೂರುವುದಿಲ್ಲ. ಆಗ ಪೈಪನ್ನು ತಗಡಿನ ಮಟ್ಟಕ್ಕೇ ನಿಲ್ಲಿಸಿ, ಸರಳಿನ ಹೊರಗೆ ಇಳಿಜಾರು ತಗಡು ಕಟ್ಟಿಸಿ. ಚಿಮಣಿಯ ತಳ ಒಲೆಯಿಂದ 26ರಿಂದ 30 ಇಂಚು ಮೇಲಿರಲಿ. ನಿಮ್ಮ ಮಾಡೆಲಿನ ಪುಸ್ತಕದಲ್ಲಿ ಬೇರೆ ಅಳತೆ ಇದ್ದರೆ ಅದೇ ಸರಿ.

ಹಂಚಿನಮಾಡು
1200ರ ಬಗ್ಗೆ: ನಿಮ್ಮ ಅಡುಗೆಮನೆ 800 ಘನ ಅಡಿ, ಅಂದರೆ ಸುಮಾರು 23 ಘನ ಮೀಟರ್. ಗಂಟೆಗೆ 15–20 ಸಲ ಗಾಳಿ ಬದಲಾಗಲು 350ರಿಂದ 450 ಘನ ಮೀಟರ್ ಸಾಕು. ಡಬ್ಬದ ಮೇಲಿನ ಅಂಕಿ ಪೈಪಿನ ತಡೆ ಸೇರಿಸಿ ಹೇಳಿದ್ದಲ್ಲ, ಆದರೂ 1000 ಧಾರಾಳವಾಯಿತು. ಉಳಿದ ದುಡ್ಡನ್ನು ಒಳ್ಳೇ ಪೈಪಿಗೆ ಹಾಕಿ.

ಬಚ್ಚಲೊಲೆ
ಎಲ್ಲರೂ ಹೊರಹೋಗುವ ಗಾಳಿಯನ್ನೇ ಹೇಳಿದಿರಿ ಮಾರಾಯ್ರೇ, ಒಳಬರುವ ಗಾಳಿ ಎಲ್ಲಿಂದ? ಮನೆ ಪೂರ್ತಿ ಮುಚ್ಚಿದ್ದರೆ ಚಿಮಣಿ ಬರೀ ಕೂಗುತ್ತದೆ. ಎದುರುಬದಿಯ, ಮಳೆ ಬಡಿಯದ ಒಂದು ಕಿಟಕಿಯನ್ನು ನಾಲ್ಕು ಬೆರಳಷ್ಟು ತೆರೆದಿಡಿ. ಸಂದಿನ ಬಳಿ ಊದುಬತ್ತಿ ಹಿಡಿದು ನೋಡಿ. ಹೊಗೆ ಒಳಕ್ಕೆ ಎಳೆದರೆ ಸರಿ.

ಇದು ಬರೀ ಘಾಟಿನ ಮಾತಲ್ಲ. ಬಚ್ಚಲಲ್ಲಿ ಗ್ಯಾಸ್ ಗೀಸರ್ ಇದ್ದರೆ, ಅಥವಾ ಹಂಡೆ ಒಲೆ ಉರಿಯುತ್ತಿದ್ದರೆ, ಚಿಮಣಿ ಅದರ ಹೊಗೆಯನ್ನೇ ಮನೆಯೊಳಕ್ಕೆ ಎಳೆಯಬಹುದು. ಕಾರ್ಬನ್ ಮಾನಾಕ್ಸೈಡಿಗೆ ಬಣ್ಣವೂ ಇಲ್ಲ, ವಾಸನೆಯೂ ಇಲ್ಲ. ಎರಡನ್ನೂ ಒಟ್ಟಿಗೆ ಹಚ್ಚಲೇಬೇಡಿ.

ವಿನೋಬನಗರವಾಸಿ
ಗೀಸರ್ ಗ್ಯಾಸಿನದ್ದೇ, ಬಚ್ಚಲು ಅಡುಗೆಮನೆಗೆ ಅಂಟಿಕೊಂಡಿದೆ. ಸ್ನಾನ ಮುಗಿದ ಮೇಲೇ ಚಿಮಣಿ ಹಾಕುತ್ತೇವೆ. ಫಿಲ್ಟರ್ ತೊಳೆಯಲು ಸೋಡಾ ಹಾಕಬಹುದಾ?

ತಗಡುಕೆಲಸ
ಸ್ಟೀಲ್ ಬ್ಯಾಫಲ್ (ಬಾಗಿದ ಪಟ್ಟಿಗಳ ಫಿಲ್ಟರ್) ಆದರೆ ಬಿಸಿನೀರು, ವಾಷಿಂಗ್ ಸೋಡಾ, ಅರ್ಧ ಗಂಟೆ ನೆನೆಸಿ. ಅಲ್ಯೂಮಿನಿಯಂ ಜಾಲರಿಗೆ ಸೋಡಾ ಬೇಡ, ಕಪ್ಪಾಗುತ್ತದೆ. ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ಪೂರ್ತಿ ಒಣಗಿಸಿಯೇ ಹಾಕಿ. ಮತ್ತೆ, ಗೀಸರ್ ನಿಲ್ಲಿಸಿದ ಮೇಲೂ ಬಚ್ಚಲಿನ ಕಿಟಕಿ ಸ್ವಲ್ಪ ಹೊತ್ತು ತೆರೆದಿರಲಿ, ಆಮೇಲೆ ಚಿಮಣಿ.