‘ಪಾರ್ಟ್‌ನರ್‌ಶಿಪ್ ವಿತ್ ಫ್ಯಾಮಿಲೀಸ್’ – ಬಾಯಲ್ಲಿ ಆಡೋ ಕನ್ನಡದಲ್ಲಿ ಏನಂತೀರಿ?

ಎಲ್ರಿಗೂ ನಮಸ್ಕಾರ. ಒಂದು ತಲೆಬರಹಕ್ಕೆ ಸಿಕ್ಕಾಕ್ಕೊಂಡು ಮೂರು ದಿನ ಆಯ್ತು. ನಮ್ಮ ತಾಲೂಕಲ್ಲಿ ಕೂಸಿನ ಮನೆ ನೋಡ್ಕೊಳ್ಳೋ ಹೆಣ್ಮಕ್ಕಳಿಗೆ ಟ್ರೈನಿಂಗ್ ಇದೆ, ಎಂಟು ಪುಟದ ಕೈಪಿಡಿ ಇಂಗ್ಲಿಷಲ್ಲಿದೆ ಕನ್ನಡ ಮಾಡ್ಕೊಡಿ ಅಂದ್ರು, ಒಪ್ಕೊಂಡೆ. (ಕೂಸಿನ ಮನೆ ಅಂದ್ರೆ ನರೇಗಾ ಕೆಲಸಕ್ಕೆ ಹೋಗೋ ತಾಯಂದಿರ ಪುಟ್ಟ ಮಕ್ಕಳನ್ನ ಹಗಲು ಹೊತ್ತು ನೋಡ್ಕೊಳ್ಳೋ ಜಾಗ, 2023-24ರಲ್ಲಿ ಪಂಚಾಯ್ತಿಗಳಲ್ಲಿ ಶುರುವಾಗಿದ್ದು. ‘ಶಿಶುಪಾಲನಾ ಕೇಂದ್ರ’ ಅಂತ ಬೋರ್ಡ್ ಹಾಕದೆ ಈ ಹೆಸರಿಟ್ಟ ಪುಣ್ಯಾತ್ಮರು ಯಾರೋ, ಅವರೇ ಇಲ್ಲಿದ್ರೆ ದಯವಿಟ್ಟು ಇದಕ್ಕೂ ಒಂದು ಹೇಳಿ.) ಏಳು ಪುಟ ಸಲೀಸಾಗಿ ಆಯ್ತು, ಕೊನೇ ಪುಟದ ಮೇಲೆ ‘ಪಾರ್ಟ್‌ನರ್‌ಶಿಪ್ ವಿತ್ ಫ್ಯಾಮಿಲೀಸ್’ ಅಂತಿದೆ, ಅಂದ್ರೆ ಕೂಸು ನೋಡ್ಕೊಳ್ಳೋರೂ ಅದರ ಮನೆಯವರೂ ಕೂಡಿ ಮಾಡೋದು, ಅಲ್ಲಿ ನಿಂತಿದ್ದು ಇನ್ನೂ ಅಲ್ಲೇ.

ಮೊದಲು ಫ್ಯಾಮಿಲಿ. ‘ಪೋಷಕರು’ ಅಂದ್ರೆ ಅಪ್ಪ ಅಮ್ಮ ಅಷ್ಟೇ ಅನ್ಸುತ್ತೆ, ಧಾರವಾಡದ ಕಡೆಯ ‘ಪಾಲಕರು’ ಕೂಡ ಹಾಗೇ, ಆದ್ರೆ ಕೂಸನ್ನ ಸೊಂಟದ ಮೇಲೆ ಕೂರಿಸ್ಕೊಂಡು ಬರೋದು ಅಜ್ಜಿ, ಇಲ್ಲಾ ಸೋದರತ್ತೆ, ಎಷ್ಟೋ ಸಲ ಐದನೇ ಕ್ಲಾಸಿನ ಅಕ್ಕ. ಸಾಲದ್ದಕ್ಕೆ ‘ಪೋಷಕ ನಟ’ ಅಂದ್ರೆ ಹೀರೋ ಪಕ್ಕದಲ್ಲಿ ನಿಲ್ಲೋನು, ಅದೂ ಕಿವೀಲಿ ಗುಂಯ್ ಅನ್ನುತ್ತೆ. ‘ಕುಟುಂಬ’ ಅಂದ್ರೆ ರೇಷನ್ ಕಾರ್ಡ್ ನೆನಪಾಗುತ್ತೆ, ನಮ್ಮ ತಾತ ‘ನನ್ನ ಕುಟುಂಬ’ ಅಂದ್ರೆ ಅದು ನಮ್ಮಜ್ಜಿ ಒಬ್ಬಳೇ. ‘ಸಂಸಾರ’ದ್ದೂ ಅದೇ ಕತೆ. ಇನ್ನು ‘ನಿಮ್ಮ ಮನೆಯವರನ್ನ ಕರ್ಕೊಂಡು ಬನ್ನಿ’ ಅಂತ ಒಬ್ಬ ತಾಯಿಗೆ ಹೇಳಿ ನೋಡಿ, ಮಾರನೇ ದಿನ ಗಂಡ ಬಂದು ನಿಂತಿರ್ತಾನೆ. ನಮ್ಮಲ್ಲಿ ಮನೆಗೆ ಅಂತ ಇರೋ ಮಾತೆಲ್ಲ ಕೊನೆಗೆ ಗಂಡ ಇಲ್ಲಾ ಹೆಂಡತಿ ಹತ್ರ ಹೋಗಿ ಯಾಕೆ ಕೂತ್ಕೊಳ್ತವೋ, ಇದನ್ನೇ ಬೇರೆ ಚರ್ಚೆ ಮಾಡ್ಬೋದು. ಸದ್ಯಕ್ಕೆ ‘ಮನೆಮಂದಿ’ ಅಂತ ಹಾಕಿದೀನಿ, ಅದಕ್ಕೆ ಈ ಕಾಟ ಇಲ್ಲ.

ಕಷ್ಟ ಇರೋದು ಪಾರ್ಟ್‌ನರ್‌ಶಿಪ್‌ದು. ‘ಸಹಭಾಗಿತ್ವ’ ಸುತ್ತೋಲೆಯ ಮಾತು, ಓದಿದವರೂ ಹಾರಿಸ್ಕೊಂಡು ಮುಂದೆ ಹೋಗ್ತಾರೆ. ‘ಪಾಲುದಾರಿಕೆ’ ಅಂದ್ರೆ ಅಡಿಕೆ ಮಂಡಿ, ಲಾಭ ನಷ್ಟ, ಅದೂ ಅಲ್ದೆ ‘ಅಣ್ಣ ತಮ್ಮ ಪಾಲಾದ್ರು’ ಅಂದ್ರೆ ಮನೆ ಒಡೀತು ಅಂತ ಅರ್ಥ, ಕೂಡೋದಕ್ಕೆ ಒಡೆಯೋ ಪದ ಯಾಕೆ. ‘ಜಂಟಿ’ ಅಂದ್ರೆ ಬ್ಯಾಂಕ್ ಖಾತೆ. ‘ಸಹಕಾರ’ ಸರಿಹೋಗುತ್ತೆ ಅನ್ಕೊಂಡೆ, ಆಮೇಲೆ ‘ರಸ್ತೆ ಕಾಮಗಾರಿ ನಡೆಯುತ್ತಿದೆ, ಸಾರ್ವಜನಿಕರು ಸಹಕರಿಸಿ’ ಬೋರ್ಡ್ ನೆನಪಾಯ್ತು, ಅಂದ್ರೆ ನಾವು ಮಾಡೋದು ಮಾಡ್ತೀವಿ ನೀವು ಬಾಯ್ಮುಚ್ಕೊಂಡು ಸಹಿಸ್ಕೊಳ್ಳಿ ಅಂತ. ಇಲ್ಲಿ ಬೇಕಾಗಿರೋದು ಇದರ ಉಲ್ಟಾ. ಆಸ್ಟ್ರೇಲಿಯಾದಲ್ಲಿ 2012ರಿಂದ ಜಾರಿಯಲ್ಲಿರೋ ಮಕ್ಕಳ ಪಾಲನೆ ಗುಣಮಟ್ಟದ ನಿಯಮದಲ್ಲಿ ಏಳು ವಿಭಾಗ ಇದಾವೆ, ಅದರಲ್ಲಿ ಆರನೇದು ಮನೆಯವರ ಜೊತೆ, ಊರಿನವರ ಜೊತೆ ಕೂಡಿ ಮಾಡೋದಕ್ಕೇ ಮೀಸಲು, ಮಗುವಿನ ಬಗ್ಗೆ ಮನೆಯವರಿಗೆ ಗೊತ್ತಿರೋದಕ್ಕೆ ಬೆಲೆ ಕೊಡ್ಬೇಕು, ತೀರ್ಮಾನ ತಗೊಳ್ಳೋವಾಗ ಅವರೂ ಇರ್ಬೇಕು ಅಂತ.

ಹಳ್ಳಿ ಮಾತಲ್ಲಿ ಹತ್ರ ಬರೋದು ‘ಮುಯ್ಯಾಳು’, ಇವತ್ತು ನಿಮ್ಮ ಗದ್ದೆಗೆ ನಾವು, ನಾಳೆ ನಮ್ಮ ಗದ್ದೆಗೆ ನೀವು. ಆದ್ರೆ ಅದರಲ್ಲಿ ಲೆಕ್ಕ ಇದೆ, ಮತ್ತೆ ‘ಮುಯ್ಯಿ ತೀರಿಸ್ಕೊಳ್ಳೋದು’ ಅಂದ್ರೆ ಸೇಡು, ಕೂಸಿನ ವಿಷಯಕ್ಕೆ ಅದು ಬೇಡಪ್ಪ.

ಹೋದ ತಿಂಗಳು ಒಂದು ಕೂಸಿನ ಮನೆಗೆ ನೋಡೋಣ ಅಂತ ಹೋಗಿದ್ದೆ. ಎರಡು ವರ್ಷದ ಒಂದು ಮಗು ಊಟ ಆದ್ಮೇಲೆ ‘ಪಚ್ಚೆ ಪಚ್ಚೆ’ ಅಂತ ಒಂದೇ ಸಮ ಅಳ್ತಿತ್ತು. ನೋಡ್ಕೊಳ್ಳೋಳು ಪಾಪ ಹಸಿರು ಚೆಂಡು ಕೊಟ್ಟಳು, ಹಸಿರು ತಟ್ಟೆ ಕೊಟ್ಟಳು, ಹೊರಗೆ ಕರ್ಕೊಂಡು ಹೋಗಿ ಹೊಂಗೆ ಮರ ತೋರಿಸಿದಳು, ಎಲ್ಲಾನೂ ಎಸೀತು, ಮರಾನ ಎಸಿಯೋಕಾಗ್ಲಿಲ್ಲ ಅಷ್ಟೇ. ಸಂಜೆ ಅಜ್ಜಿ ಬಂದ ಮೇಲೆ ಗೊತ್ತಾಯ್ತು, ಪಚ್ಚೆ ಅಂದ್ರೆ ಅಜ್ಜಿಯ ಹಳೇ ಸೀರೆ ತುಂಡು, ಅದನ್ನ ಕೆನ್ನೆಗೆ ಒತ್ಕೊಂಡ್ರೇನೇ ಅದಕ್ಕೆ ನಿದ್ದೆ. ಆ ತುಂಡಿನ ಬಣ್ಣ ಹಸಿರೂ ಅಲ್ಲ, ಒಗೆದು ಒಗೆದು ಬೂದಿ ಬಣ್ಣ ಆಗಿದೆಯಂತೆ. ಅಜ್ಜಿ ಅಂದಳು, ‘ನಮ್ಮನ್ನ ಒಂದ್ ಮಾತು ಕೇಳಿದ್ರೆ ಹೇಳ್ತಿರ್ಲಿಲ್ವೇನವ್ವಾ’. ನೋಡ್ಕೊಳ್ಳೋಳು ಅಂದಳು, ‘ನೀವೂ ಬಿಟ್ಟೋಗೋವಾಗ ಒಂದ್ ಮಾತು ಹೇಳ್ಬಾರ್ದಿತ್ತಾ ಅಜ್ಜಿ’. ಇಬ್ರೂ ನಕ್ರು. ಮಾರನೇ ದಿನದಿಂದ ಆ ತುಂಡು ಕವರಲ್ಲಿ ಬರ್ತಿದೆಯಂತೆ.

ಅವತ್ತಿಂದ ಈ ‘ಒಂದ್ ಮಾತು’ ತಲೇಲಿ ಕೂತಿದೆ. ‘ಒಂದ್ ಮಾತು ಕೇಳ್ಬೋದಿತ್ತು’ ಅಂತ ಮದುವೆ ಮನೇಲಿ ಮುನಿಸ್ಕೊಂಡವರೆಲ್ಲ ಹೇಳೋದು ಇದನ್ನೇ ತಾನೇ, ಅಂದ್ರೆ ನಮ್ಮನ್ನ ಲೆಕ್ಕಕ್ಕೇ ತಗೊಳ್ಲಿಲ್ಲ ಅಂತ. ಹಾಗಾಗಿ ತಲೆಬರಹ ‘ಮನೆಮಂದಿಗೆ ಒಂದ್ ಮಾತು ಹೇಳಿ, ಒಂದ್ ಮಾತು ಕೇಳಿ’ ಅಂತ ಇಟ್ಟೆ. ಕೈಪಿಡಿ ನೋಡೋ ಮೇಡಮ್ಮು ಒಪ್ತಿಲ್ಲ, ‘ಮಾತು ಕೇಳು’ ಅಂದ್ರೆ ಹೇಳಿದ ಹಾಗೆ ಕೇಳ್ಕೊಂಡು ಬಿದ್ದಿರು ಅಂತ ಆಗುತ್ತೆ, ಅಪಾರ್ಥ ಮಾಡ್ಕೊಳ್ತಾರೆ ಅಂತಾರೆ. ನನಗೇನೋ ‘ಒಂದ್’ ಇರೋದ್ರಿಂದ ಅರ್ಥ ಬೇರೆ ಆಗೇ ಆಗುತ್ತೆ ಅನ್ಸುತ್ತೆ, ‘ಅಪ್ಪನ ಮಾತು ಕೇಳು’ ಬೇರೆ, ‘ಅಪ್ಪನ್ನ ಒಂದ್ ಮಾತು ಕೇಳು’ ಬೇರೆ. ನಿಮ್ಮ ಕಿವಿಗೆ ಹೇಗೆ? ಕುಂದಾಪುರ, ಧಾರವಾಡ, ಕಲಬುರಗಿ ಕಡೆಯವರು ಇದನ್ನ ಹೀಗೇ ಅಂತೀರಾ, ಇಲ್ಲಾ ಬೇರೆ ಮಾತು ಇದೆಯಾ? ಸೋಮವಾರ ಪ್ರಿಂಟಿಗೆ ಹೋಗುತ್ತೆ.