ಎಚ್‌ಡಿಆರ್ ಬಂದ ಕೂಡಲೇ ಟಿವಿ ಯಾಕೆ ಮಂಕು?

ಚಿಕ್ಕಪ್ಪ, ನಿಮ್ಮ ಮೆಸೇಜ್ ಈಗ ನೋಡಿದೆ. ಸಂಪಿಗೆ ರಸ್ತೆ ಹತ್ತಿರ ಆಟೋದಲ್ಲಿ ಸಿಕ್ಕಿಹಾಕಿಕೊಂಡಿದ್ದೇನೆ, ಹಿಂದೆ ಹಾರ್ನ್ ಕೇಳಿಸಿದರೆ ಬೇಜಾರು ಮಾಡಿಕೊಳ್ಳಬೇಡಿ. ಹೊಸ ಟಿವಿಯ ಮೂಲೆಯಲ್ಲಿ ಎಚ್‌ಡಿಆರ್ ಅಂತ ಬಂದ ಕೂಡಲೇ ಚಿತ್ರ ಮಂಕಾಗುತ್ತದೆ, ವಾಪಸ್ ಕೊಟ್ಟುಬಿಡಲಾ ಅಂತ ಕೇಳಿದ್ದೀರಿ. ಅಂಗಡಿ ಹುಡುಗ "ಎಚ್‌ಡಿಆರ್ ಅಂದ್ರೆ ಫುಲ್ ಬ್ರೈಟ್ ಸರ್" ಅಂದಿದ್ದನಂತೆ. ಎಡವಟ್ಟು ಶುರುವಾಗಿದ್ದೇ ಅಲ್ಲಿ. ಎಚ್‌ಡಿಆರ್ ಅಂದರೆ ಹೈ ಡೈನಾಮಿಕ್ ರೇಂಜ್, ಜೋರು ಬೆಳಕು, ಕತ್ತಲು ಎರಡನ್ನೂ ಒಂದೇ ಚಿತ್ರದಲ್ಲಿ ಸರಿಯಾಗಿ ತೋರಿಸುವ ವಿಧಾನ.

ಕಡಲೆಕಾಯಿ ಪರಿಷೆಯಲ್ಲಿ ನೀವು ತೆಗೆದ ಫೋಟೋ ನೆನಪಿದೆಯಾ? ಗಾಡಿ ಮೇಲೆ ತೂಗುತ್ತಿದ್ದ ಬಲ್ಬ್ ಬರೀ ಬಿಳಿ ಮುದ್ದೆ. ಅದನ್ನು ಸರಿ ಮಾಡಲು ಹೋದರೆ ಕೆಳಗಿನ ಕಡಲೆಕಾಯಿ ರಾಶಿ ಕಪ್ಪು. ನಮ್ಮ ಕಣ್ಣಿಗೆ ಮಾತ್ರ ಎರಡೂ ಕಾಣುತ್ತಿತ್ತು. ಹಳೇ ಥರದ ಟಿವಿ ಚಿತ್ರದ ಪಾಡೂ ಅದೇ. ಅದನ್ನು ತಯಾರು ಮಾಡುವುದು ಸುಮಾರು 100 ನಿಟ್ಸ್ ಬೆಳಕಿಗೆ. ನಿಟ್ಸ್ ಅಂದರೆ ಪರದೆ ಎಷ್ಟು ಬೆಳಗುತ್ತದೆ ಅನ್ನುವ ಅಳತೆ. ಎಚ್‌ಡಿಆರ್ ಸಿನಿಮಾಗಳನ್ನು ಹೆಚ್ಚಾಗಿ 1000 ನಿಟ್ಸ್‌ಗೆ, ಕೆಲವನ್ನು 4000ಕ್ಕೂ ಮಾಡಿರುತ್ತಾರೆ. ಹಾಗಂತ ಇಡೀ ಪರದೆ ಧಗಧಗ ಅನ್ನುವುದಿಲ್ಲ. ಮುಖ, ಗೋಡೆ ಹೆಚ್ಚೂಕಮ್ಮಿ ಮೊದಲಿನಷ್ಟೇ. ದೀಪದ ಕುಡಿ, ಕೆರೆ ನೀರಿನ ಮೇಲೆ ಮಿಂಚುವ ಬಿಸಿಲು, ಅಂಥ ಕಡೆ ಮಾತ್ರ ಜಾಸ್ತಿ. ಬಣ್ಣದ ಮೆಟ್ಟಿಲೂ ಹೆಚ್ಚು, ಕೆಂಪು ಹಸಿರು ನೀಲಿ ಒಂದೊಂದಕ್ಕೂ 256ರ ಬದಲು 1024. ಸಂಜೆ ಆಕಾಶ ಪಟ್ಟೆ ಪಟ್ಟೆಯಾಗಿ ಕಾಣುವುದು ಅದರಿಂದ ತಪ್ಪುತ್ತದೆ.

ಈಗ ನಿಮ್ಮ ಟಿವಿಗೆ ಬರೋಣ. ಡಬ್ಬದ ಮೇಲೆ ಎಚ್‌ಡಿಆರ್10 (ಎಚ್‌ಡಿಆರ್‌ನ ಒಂದು ಬಗೆ) ಅಂತಿದ್ದರೆ ಆ ಸಿಗ್ನಲ್ ಓದಲು ಬರುತ್ತದೆ ಅಂತಷ್ಟೇ ಅರ್ಥ. ತೋರಿಸುವ ತಾಕತ್ತು ಬೇರೆ. ಕಡಿಮೆ ಬೆಲೆಯ ಎಲ್‌ಇಡಿ ಟಿವಿಗಳು ಸಾಮಾನ್ಯವಾಗಿ 250–300 ನಿಟ್ಸ್‌ಗೇ ಸುಸ್ತು. 1000ದ್ದನ್ನು 300ರೊಳಗೆ ತುರುಕಬೇಕಲ್ವಾ, ಬಲ್ಬ್ ಉಳಿಸಲು ಹೋಗಿ ಕಡಲೆಕಾಯಿಯನ್ನೂ ಮಂಕು ಮಾಡುತ್ತವೆ. ಹೀಗೆ ತುರುಕುವುದಕ್ಕೇ ಟೋನ್ ಮ್ಯಾಪಿಂಗ್ ಅನ್ನುವುದು. ಎಲ್ಲಿ ಎಷ್ಟು ಬೆಳಕು ಅಂತ ಟಿವಿಗೆ ತಿಳಿಸುವ ಮಾಹಿತಿ ಸಿನಿಮಾ ಜೊತೆಗೇ ಚೀಟಿಯ ಹಾಗೆ ಬರುತ್ತದೆ, ಎಚ್‌ಡಿಆರ್10ರಲ್ಲಿ ಇಡೀ ಸಿನಿಮಾಕ್ಕೆ ಒಂದೇ ಚೀಟಿ. ಡಾಲ್ಬಿ ವಿಷನ್, ಎಚ್‌ಡಿಆರ್10 ಪ್ಲಸ್ ಅನ್ನುವ ಬೇರೆ ಬಗೆಯ ಎಚ್‌ಡಿಆರ್‌ಗಳಲ್ಲಿ ದೃಶ್ಯ ದೃಶ್ಯಕ್ಕೂ ಬೇರೆ ಬೇರೆ ಚೀಟಿ, ಹಾಗಾಗಿ ಅಲ್ಲಿ ಈ ಕಾಟ ಸ್ವಲ್ಪ ಕಡಿಮೆ.

ಇನ್ನೊಂದು, ನಿಮ್ಮ ಬಾಲ್ಕನಿ ಬಿಸಿಲು! ಬೆಳಿಗ್ಗೆ ಹತ್ತು ಗಂಟೆಗೆ ಆ ಹಾಲಿನಲ್ಲಿ ಎಂಥ ಎಚ್‌ಡಿಆರ್ ಆದರೂ ಮಂಕೇ. ಮೊದಲು ಎಚ್‌ಡಿಆರ್ ಸಿನಿಮಾ ಓಡುತ್ತಿರುವಾಗಲೇ ಸೆಟ್ಟಿಂಗ್ಸ್‌ಗೆ ಹೋಗಿ. ಬಹಳ ಟಿವಿಗಳಲ್ಲಿ ಅದರ ಸೆಟ್ಟಿಂಗ್ ಬೇರೆಯಾಗಿಯೇ ಇರುತ್ತದೆ. ಪವರ್ ಸೇವಿಂಗ್ ಆಫ್ ಮಾಡಿ, ಬ್ಯಾಕ್‌ಲೈಟ್ ಪೂರ್ತಿ ಏರಿಸಿ. ಡೈನಾಮಿಕ್ ಟೋನ್ ಮ್ಯಾಪಿಂಗ್ ಅಂತ ಇದ್ದರೆ ಅದನ್ನೂ ಆನ್ ಮಾಡಿ. ಆಮೇಲೆ ರಾತ್ರಿ ಲೈಟ್ ಆರಿಸಿ ಅದೇ ಸಿನಿಮಾ ನೋಡಿ. ಆಗಲೂ ಮಂಕಾಗಿದ್ದರೆ ಎಚ್‌ಡಿಆರ್ ಆಫ್ ಮಾಡಿಕೊಂಡೇ ನೋಡಿ, ನಮ್ಮ ಮನೆಯ ಹಳೇ ಟಿವಿಯಲ್ಲಿ ನಾನು ಮಾಡುವುದೂ ಅದೇ. ಬರೀ ಇದಕ್ಕೋಸ್ಕರ ವಾಪಸ್ ಕೊಡಬೇಡಿ. ಕೊಟ್ಟರೂ ಅದೇ ಬೆಲೆಗೆ ಇನ್ನೊಂದು ಅಂಥದ್ದೇ ಮನೆಗೆ ಬರುತ್ತದೆ.

ಸರಿ, ಸಿಗ್ನಲ್ ಬಿಟ್ಟಿತು. ಮಾಡೆಲ್ ನಂಬರ್ ಫೋಟೋ ತೆಗೆದು ಹಾಕಿ. ಟಿವಿ ಹಿಂಭಾಗದ ಸ್ಟಿಕ್ಕರ್‌ನದ್ದು, ಡಬ್ಬದ್ದಲ್ಲ.